ನೀಲ್ ದ್ವೀಪದ ಅಡಿಕೆ ತೋಟದ ಗುಡಿಸಲಿನಲ್ಲಿ ಮೂರು ರಾತ್ರಿ

ಅಂಡಮಾನಿಗೆ ಹೋಗುವವರಿದ್ದರೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀಲ್ ದ್ವೀಪಕ್ಕೆ ಅರ್ಧ ದಿನ ಕೊಡಬೇಡಿ. ಮೂರು ರಾತ್ರಿ ಇರಿ. ಆಗದಿದ್ದರೆ ಎರಡು ರಾತ್ರಿಯಾದರೂ ಇರಿ. ನಾವು ಅಲ್ಲಿ ಉಳಿದ ಗುಡಿಸಲಿನ ಬಗ್ಗೆ ಬರೆಯಬೇಕು ಅಂತಲೇ ಕೂತಿದ್ದೇನೆ, ಆದರೆ ಆ ಗುಡಿಸಲು ಯಾಕೆ ಅಷ್ಟು ಇಷ್ಟವಾಯಿತು ಅನ್ನೋದು ಈ ಮೂರು ರಾತ್ರಿಯ ಮಾತು ಬಿಟ್ಟು ಹೇಳಲು ಬರುವುದಿಲ್ಲ.

ನಾವು ಅಂದರೆ ನಾನು ಮತ್ತು ನಮ್ಮ ಚಿಕ್ಕಮ್ಮನ ಮಗಳು. ಇಬ್ಬರೂ ಸಿಂಧನೂರಿನವರು. ಚಿಕ್ಕವರಿದ್ದಾಗ ಆನೆಗುಂದಿ, ಸಣಾಪುರದ ಕಡೆ ಹೋದರೆ ವಿದೇಶದಿಂದ ಬಂದ ಹುಡುಗಿಯರು ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡು ಬಿಸಿಲಲ್ಲಿ ನಡೆದು ಹೋಗುತ್ತಿದ್ದರು. ಅವರನ್ನು ನೋಡಿದಾಗಲೆಲ್ಲ ನಾವೂ ಒಂದು ಸಲ ಹೀಗೆ ಹೋಗಬೇಕು ಅಂತ ಮಾತಾಡಿಕೊಳ್ಳುತ್ತಿದ್ದೆವು. ಈ ಫೆಬ್ರುವರಿಯಲ್ಲಿ ಅದು ಕೈಗೂಡಿತು. ಒಂಬತ್ತು ದಿನ, ಆಳಿಗೊಂದು ಬ್ಯಾಗ್, ಎರಡು ಜೊತೆ ಚಪ್ಪಲಿ, ಮತ್ತೆ ಅಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ರೊಟ್ಟಿಯ ಕತೆ ಆಮೇಲೆ ಬರುತ್ತದೆ.

ನಮ್ಮ ಕಡೆಯಿಂದ ಹೋಗುವವರಿಗೆ ದಾರಿ ಹೇಳುತ್ತೇನೆ. ಬೆಂಗಳೂರಿಗೆ ಹೋಗಲೇಬೇಕು ಅಂತಿಲ್ಲ. ಮುಂಬೈ–ಚೆನ್ನೈ ರೈಲು ಮಾರ್ಗ ರಾಯಚೂರಿನ ಮೇಲೆಯೇ ಹೋಗುತ್ತದೆ, ಅಲ್ಲಿ ಹತ್ತಿದರೆ ನೇರ ಚೆನ್ನೈ. ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಹಡಗೂ ಇದೆ, ಆದರೆ ಅದಕ್ಕೆ ಸುಮಾರು ಮೂರು ದಿನ ಹಿಡಿಯುತ್ತದೆ, ನಮಗೆ ಅಷ್ಟು ರಜೆ ಇರಲಿಲ್ಲ. ಟಿಕೆಟ್ ಮಾಡಿಸುವಾಗ ಹೆಸರು ನೋಡಿ ಗಾಬರಿಯಾಗಬೇಡಿ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರೆ. 2018ರಲ್ಲೇ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಗಿದೆ, ನೀಲ್ ಶಹೀದ್ ದ್ವೀಪ ಆಗಿದೆ. ಅಲ್ಲಿನ ಜನ ಮಾತಾಡುವಾಗ ಹಳೆಯ ಹೆಸರನ್ನೇ ಹೇಳುತ್ತಾರೆ, ಅದಕ್ಕೇ ನಾನೂ ನೀಲ್ ಅಂತಲೇ ಬರೆಯುತ್ತೇನೆ.

ಪೋರ್ಟ್ ಬ್ಲೇರ್‌ನ ಫೀನಿಕ್ಸ್ ಬೇ ಜೆಟ್ಟಿಯಿಂದ ಸರ್ಕಾರಿ ಫೆರ್ರಿ ಹಿಡಿದರೆ ನೀಲ್‌ಗೆ ಸುಮಾರು ಎರಡು ಗಂಟೆ. ಖಾಸಗಿ ಬೋಟುಗಳು ಬೇಗ ಹೋಗುತ್ತವೆ, ಎಸಿ ಇರುತ್ತದೆ, ಆದರೆ ಕಿಟಕಿ ಮುಚ್ಚಿಕೊಂಡು ಕೂರಬೇಕು. ಸರ್ಕಾರಿ ಫೆರ್ರಿಯಲ್ಲಿ ಮೇಲೆ ನಿಂತು ಗಾಳಿಗೆ ಮುಖ ಒಡ್ಡಬಹುದು. ತರಕಾರಿ ಬುಟ್ಟಿ, ಕೋಳಿ ಮೊಟ್ಟೆಯ ಟ್ರೇ, ಶಾಲೆಯ ಮೇಷ್ಟ್ರು, ಆಸ್ಪತ್ರೆಗೆ ಹೋಗಿ ಬಂದ ಅಜ್ಜಿ, ಎಲ್ಲರೂ ಅದರಲ್ಲೇ. ನಮ್ಮೂರ ಕೆಂಪು ಬಸ್ಸಿನ ಹಾಗೆ. ನನಗೆ ಅದೇ ಹಿಡಿಸಿತು.

ಈಗ ಒಂದು ಬೇಸರದ ಸಂಗತಿ. ನಾವು ಆನ್‌ಲೈನ್‌ನಲ್ಲಿ ಒಂದು ರೂಮ್ ಬುಕ್ ಮಾಡಿದ್ದೆವು. ಫೋಟೋದಲ್ಲಿ ಕಿಟಕಿಯ ಹೊರಗೆ ಸಮುದ್ರ ಕಾಣುತ್ತಿತ್ತು. ಹೋಗಿ ನೋಡಿದರೆ ಸಿಮೆಂಟಿನ ಕೋಣೆ, ಕಿಟಕಿ ತೆಗೆದರೆ ಜನರೇಟರ್. ಬಾಗಿಲಿನ ಚಿಲಕ ಸರಿಯಾಗಿ ಬೀಳುತ್ತಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಹೊಸ ಊರಿನಲ್ಲಿ ಇರುವಾಗ ಚಿಲಕ ಬೀಳದ ಕೋಣೆ ಬೇಡವೇ ಬೇಡ. ಸಮುದ್ರ ಎಲ್ಲಿ ಅಂತ ಕೇಳಿದರೆ ಆ ಹುಡುಗ ಕೈ ಎತ್ತಿ ದೂರಕ್ಕೆ ತೋರಿಸಿದ. ಕೊಟ್ಟ ಮುಂಗಡ ವಾಪಸ್ ಬರಲಿಲ್ಲ. ಹೋದರೆ ಹೋಗಲಿ ಅಂತ ಬ್ಯಾಗ್ ಎತ್ತಿಕೊಂಡು ಹೊರಗೆ ಬಂದೆವು. ನಿಮಗೆ ಹೇಳೋದು ಇಷ್ಟೇ, ಸೀಸನ್ ತುಂಬ ಜೋರಿಲ್ಲದಿದ್ದರೆ ಮೊದಲ ರಾತ್ರಿಗೆ ಮಾತ್ರ ಬುಕ್ ಮಾಡಿ, ಹೋಗಿ ಕಣ್ಣಾರೆ ನೋಡಿ ಆಮೇಲೆ ಮುಂದುವರಿಸಿ. ಈ ದ್ವೀಪ ಒಂದು ತುದಿಯಿಂದ ಇನ್ನೊಂದು ತುದಿಗೆ ಐದಾರು ಕಿಲೋಮೀಟರ್ ಅಷ್ಟೇ, ಜಾಗ ಹುಡುಕುವುದು ಕಷ್ಟವಲ್ಲ.

ಬಜಾರಿನಲ್ಲಿ ತರಕಾರಿ ಮಾರುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದೆವು. ಇಲ್ಲಿ ಎಲ್ಲರಿಗೂ ಹಿಂದಿ ಬರುತ್ತದೆ, ನಮ್ಮ ರಾಯಚೂರು ಕಡೆಯ ಹಿಂದಿಯೂ ನಡೆಯುತ್ತದೆ. ಆಕೆ ತಕ್ಕಡಿ ಕೆಳಗಿಟ್ಟು, ಒಬ್ಬ ಹುಡುಗನನ್ನು ಕರೆದು, ನಮ್ಮನ್ನು ಲಕ್ಷ್ಮಣಪುರದ ಕಡೆಯ ಒಂದು ಮನೆಗೆ ಕಳಿಸಿದರು. ಅದೇ ನಾನು ಹೇಳುತ್ತಿರುವ ಜಾಗ. ಬೋರ್ಡ್ ಇಲ್ಲ, ಹೆಸರೂ ಇಲ್ಲ. ಅಡಿಕೆ ಮತ್ತು ತೆಂಗಿನ ತೋಟದ ನಡುವೆ ಮನೆ, ಮನೆಯ ಹಿಂದೆ ನಾಲ್ಕು ಗುಡಿಸಲು. ಗೋಡೆ ಬಿದಿರಿನ ತಟ್ಟಿಯದು, ಮಾಡಿಗೆ ಗರಿ ಹೊದಿಸಿದ್ದಾರೆ, ನೆಲ ಹಲಗೆಯದು, ಎರಡು ಅಡಿ ಎತ್ತರದ ಕಂಬಗಳ ಮೇಲೆ ನಿಂತಿದೆ. ಒಳಗೆ ಒಂದು ಮಂಚ, ಸೊಳ್ಳೆಪರದೆ, ಫ್ಯಾನ್, ಒಂದು ಬಲ್ಬು, ಬಟ್ಟೆ ಹಾಕಲು ಹಗ್ಗ. ಮುಂದೆ ಸಣ್ಣ ಜಗಲಿ. ಚಿಲಕ ಗಟ್ಟಿಯಾಗಿತ್ತು, ಅದನ್ನು ಮೊದಲು ನೋಡಿದೆ. ಇಬ್ಬರಿಗೂ ಸೇರಿ ರಾತ್ರಿಗೆ 1,200 ರೂಪಾಯಿ. ಸಮುದ್ರಕ್ಕೆ ತೋಟದೊಳಗಿಂದ ನಡೆದರೆ ಏಳು ನಿಮಿಷ.

ಮನೆಯವರು ಬಂಗಾಳಿಗಳು. ಗಂಡನನ್ನು ಎಲ್ಲರೂ ದಾದಾ ಅನ್ನುತ್ತಾರೆ, ಹೆಂಡತಿಯನ್ನು ಮಾಸಿ. ಒಬ್ಬ ಮಗಳು, ಪಿಯುಸಿ ಓದುವ ವಯಸ್ಸು.

ಬ್ಯಾಗ್ ಇಟ್ಟು, ಊಟ ಮಾಡಿ, ಒಂದು ನಿದ್ದೆ ಮಾಡಿ ಎದ್ದು ಐದು ಗಂಟೆಗೆ ಬೀಚ್‌ಗೆ ಓಡಿದೆವು. ಅಷ್ಟು ದೂರದಿಂದ ಬಂದಿದ್ದೇವೆ, ಮೊದಲ ದಿನವೇ ನೀರಿಗೆ ಬೀಳಬೇಕು ಅಂತ ಆಸೆ. ಹೋಗಿ ನೋಡಿದರೆ ನೀರು ಎಲ್ಲೋ ದೂರದಲ್ಲಿದೆ. ಕಣ್ಣ ಮುಂದೆ ಬರೀ ಕಲ್ಲು, ಕೆಸರು ಬಣ್ಣದ ಹವಳದ ಬಂಡೆ, ನಡುನಡುವೆ ಮೊಣಕಾಲು ಮಟ್ಟದ ನೀರು. ತಂಗಿ ನಿಂತಲ್ಲೇ ನಿಂತಳು. "ಅಕ್ಕಾ, ನೀರು ಎಲ್ಲಿ ಹೋತು?" ಅಂದಳು. ಪಕ್ಕದಲ್ಲಿ ಒಂದು ಪ್ಯಾಕೇಜ್ ಟೂರಿನ ಗುಂಪು ಬಂದಿತ್ತು. ಅವರೂ ಅದನ್ನೇ ಕೇಳುತ್ತಿದ್ದರು, ಅವರ ಗೈಡ್ ವಾಚು ನೋಡಿಕೊಂಡು ಸೂರ್ಯ ಮುಳುಗುವುದನ್ನು ನೋಡಿ ಹೊರಡೋಣ ಅನ್ನುತ್ತಿದ್ದ. ಸೂರ್ಯಾಸ್ತ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಲಕ್ಷ್ಮಣಪುರ ಅದಕ್ಕೇ ಹೆಸರಾದ ಜಾಗ. ಐದೂವರೆಗೆಲ್ಲ ಸೂರ್ಯ ಮುಳುಗಿಬಿಟ್ಟ. ಗಡಿಯಾರ ಒಂದೇ ಆದರೂ ಅಂಡಮಾನ್ ನಮಗಿಂತ ಅಷ್ಟು ಪೂರ್ವಕ್ಕಿದೆ, ನಮ್ಮೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಬೆಳಗಾಗುತ್ತದೆ, ಒಂದು ಗಂಟೆ ಮೊದಲೇ ಕತ್ತಲಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ತಡವಾಗಿ ಏಳುವವರಿಗೆ ಈ ದ್ವೀಪ ಅರ್ಧ ತಪ್ಪಿಹೋಗುತ್ತದೆ.

ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬಂದಾಗ ಮಾಸಿ ಕೇಳಿದರು, "ಸ್ಲೇಟು ನೋಡಲಿಲ್ಲವಾ?"

ಅಡುಗೆಮನೆಯ ಹೊರಗೋಡೆಗೆ ಮೊಳೆ ಹೊಡೆದು ಒಂದು ಸ್ಲೇಟು ತೂಗುಹಾಕಿದ್ದರು. ಮಕ್ಕಳು ಬರೆಯುವ ಕಪ್ಪು ಸ್ಲೇಟೇ, ಮರದ ಚೌಕಟ್ಟು, ಒಂದು ಮೂಲೆ ಒಡೆದಿತ್ತು. ಮೇಲೆ ಚಂದ್ರನ ಚಿತ್ರ, ಒಂದು ಬದಿ ಸ್ವಲ್ಪ ಸವೆದ ಚಂದ್ರ. ಕೆಳಗೆ ನಾಲ್ಕು ಸಾಲು, ನಾಲ್ಕು ಹೊತ್ತು. ನೀರು ಪೂರ್ತಿ ಇಳಿಯುವ ಹೊತ್ತು ಎರಡು, ಪೂರ್ತಿ ಏರುವ ಹೊತ್ತು ಎರಡು. ಮಗಳು ದಿನಾ ಸಂಜೆ ಮರುದಿನದ್ದನ್ನು ಬರೆಯುತ್ತಾಳೆ. ನಮ್ಮನ್ನು ಕೂರಿಸಿಕೊಂಡು ವಿವರಿಸಿದಳು. ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನಾ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ ಮುಂದೆ ಹೋಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಹುಣ್ಣಿಮೆ ಕಳೆದು ಮೂರು ದಿನವಾಗಿತ್ತು, ಅದಕ್ಕೇ ನೀರು ಅಷ್ಟು ದೂರ ಸರಿದಿತ್ತು. "ನಾಳೆ ಬೆಳಿಗ್ಗೆ ಆರು ಕಾಲಿಗೆ ಪೂರ್ತಿ ಇಳಿಯುತ್ತದೆ, ಆಗ ಸಮುದ್ರ ಕೊರೆದ ಕಲ್ಲಿನ ಸೇತುವೆಗೆ ಹೋಗಿ. ಮಧ್ಯಾಹ್ನ ಹನ್ನೆರಡೂವರೆಗೆ ತುಂಬುತ್ತದೆ, ಆಗ ಭರತ್‌ಪುರದಲ್ಲಿ ಈಜಿ. ಸುಮ್ನೆ ಹೊತ್ತಲ್ಲದ ಹೊತ್ತಿನಲ್ಲಿ ಓಡಬೇಡಿ" ಅಂದಳು.

ನನಗೆ ಇದು ಕೇಳಿದ ಕೂಡಲೇ ಅರ್ಥವಾಯಿತು. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದವರು. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ನಮ್ಮ ಸರದಿ ಯಾವಾಗ, ಎಷ್ಟು ದಿನ ಬರುತ್ತದೆ ಅನ್ನೋದರ ಮೇಲೆ ನಮ್ಮ ಮನೆಯಲ್ಲಿ ಮದುವೆಯ ದಿನ ಕೂಡ ಗೊತ್ತಾಗುತ್ತದೆ. ನೀರಿನ ಹೊತ್ತಿಗೆ ನಾವು ಹೋಗಬೇಕು, ನಮ್ಮ ಹೊತ್ತಿಗೆ ನೀರು ಬರುವುದಿಲ್ಲ. ಸಮುದ್ರವೂ ಹಾಗೇ ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ ಅಷ್ಟೇ. ನೀಲ್‌ನಲ್ಲಿ ನಾನು ನೋಡಿದ ಹೋಟೆಲು, ರೆಸಾರ್ಟುಗಳಲ್ಲಿ ರೇಟಿನ ಬೋರ್ಡ್ ಇತ್ತು, ಬ್ರೇಕ್‌ಫಾಸ್ಟ್ ಹೊತ್ತಿನ ಬೋರ್ಡ್ ಇತ್ತು. ನೀರಿನ ಹೊತ್ತು ಬರೆದಿಟ್ಟಿದ್ದು ಈ ಮನೆಯವರು ಒಬ್ಬರೇ. ನಾನು ಕೊಡುವ ಅಂಕದಲ್ಲಿ ಅರ್ಧ ಆ ಸ್ಲೇಟಿಗೆ.

ಮರುದಿನ ಐದೂವರೆಗೆ ಎದ್ದೆವು. ದಾದಾ ತಾವೇ ಜೊತೆಗೆ ಬಂದರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಲಕ್ಷ್ಮಣಪುರದ ಎರಡನೇ ಬೀಚ್‌ನಲ್ಲಿ ಅಂಗಡಿಗಳನ್ನು ದಾಟಿ ಕೆಳಗಿಳಿದು, ಕಲ್ಲಿನ ಮೇಲೆ ನಡೆದು ಹೋದರೆ ಸಮುದ್ರವೇ ಕೊರೆದು ಮಾಡಿದ ಕಮಾನು ಸಿಗುತ್ತದೆ. ಬಂಗಾಳದವರು ಬಂದು ನೆಲೆಸಿದ ಊರು, ಹಾಗಾಗಿ ಅದನ್ನು ಹೌರಾ ಬ್ರಿಜ್ ಅಂತಲೂ ಕರೆಯುತ್ತಾರೆ. ಕಮಾನು ದೊಡ್ಡದೇ, ಚೆನ್ನಾಗಿದೆ, ಫೋಟೋ ಬರುತ್ತದೆ. ಆದರೆ ಅದಕ್ಕಿಂತ ಅಲ್ಲಿಗೆ ಹೋಗುವ ದಾರಿಯಲ್ಲಿ ಕಲ್ಲಿನ ಗುಂಡಿಗಳಲ್ಲಿ ಉಳಿದ ನೀರು ನೋಡಬೇಕು. ನಮ್ಮ ಮನೆಯ ಪರಾತದಷ್ಟು ಅಗಲದ ಗುಂಡಿ, ಅದರಲ್ಲಿ ಬೆರಳುದ್ದದ ನೀಲಿ ಮೀನು ನಾಲ್ಕೈದು, ಕಪ್ಪು ಸೌತೆಕಾಯಿಯ ಹಾಗೆ ಬಿದ್ದುಕೊಂಡ ಒಂದು ಪ್ರಾಣಿ, ಹೆಸರೂ ಸಮುದ್ರ ಸೌತೆಯೇ ಅಂತೆ.

ಇನ್ನೊಂದು ಗುಂಡಿಯ ಹತ್ತಿರ ದಾದಾ ನಿಂತರು. ಮಾತಾಡಬೇಡಿ ಅಂತ ಕೈ ಮಾಡಿದರು. ನಾವು ಬಗ್ಗಿ ನೋಡಿದೆವು. ಕಲ್ಲಿನೊಳಗೆ ಹುದುಗಿದ ದೊಡ್ಡ ಚಿಪ್ಪು, ಸ್ವಲ್ಪ ಬಾಯಿ ತೆರೆದುಕೊಂಡಿತ್ತು, ಆ ಬಾಯಿಯ ಅಂಚಿಗೆ ಮಖಮಲ್ ಬಟ್ಟೆಯ ನಿರಿಗೆ ಹೊಲಿದ ಹಾಗೆ ನೀಲಿ ಹಸಿರು ಬಣ್ಣದ ಮಾಂಸ, ಅದರ ಮೇಲೆ ಸಣ್ಣ ಸಣ್ಣ ಚುಕ್ಕಿ. ಇಳಕಲ್ ಸೀರೆಯ ಅಂಚನ್ನು ನೀರಲ್ಲಿ ಅದ್ದಿ ಇಟ್ಟ ಹಾಗೆ ಕಂಡಿತು ನನಗೆ. ತಂಗಿ ಇನ್ನೂ ಸ್ವಲ್ಪ ಮುಂದೆ ಬಾಗಿದಳು. ಅವಳ ನೆರಳು ಅದರ ಮೇಲೆ ಬಿತ್ತು, ಅಷ್ಟೇ, ಆ ನಿರಿಗೆಯೆಲ್ಲ ಸರ್ರನೆ ಒಳಗೆ ಹೋಯಿತು, ಚಿಪ್ಪು ಮುಚ್ಚಿಕೊಂಡಿತು. ಮುಟ್ಟಿರಲಿಲ್ಲ, ಬರೀ ನೆರಳು. ನಾವು ಪಕ್ಕಕ್ಕೆ ಸರಿದು ಕೂತೆವು. ಮೂರು ನಾಲ್ಕು ನಿಮಿಷ ಆದ ಮೇಲೆ ಮೆಲ್ಲಗೆ, ಮೊದಲು ಒಂದು ತುದಿ, ಆಮೇಲೆ ಪೂರ್ತಿ, ಮತ್ತೆ ತೆರೆದುಕೊಂಡಿತು. ತಂಗಿ ಆಮೇಲೆ ಇಡೀ ದಿನ ಅದನ್ನೇ ಹೇಳುತ್ತಿದ್ದಳು.

ಎಂಟು ಗಂಟೆಯ ಹೊತ್ತಿಗೆ ನೀರು ತಿರುಗಿ ಬರತೊಡಗಿತು. ದಾದಾ ಇನ್ನು ಸಾಕು, ಹೊರಡಿ ಅಂದರು. ಗುಂಡಿಗಳು ಒಂದೊಂದಾಗಿ ಮುಚ್ಚಿಹೋದವು. ನಾವು ಹನ್ನೊಂದು ಗಂಟೆಗೆ ಸೈಕಲ್ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಪ್ಯಾಕೇಜಿನವರು ಹ್ಯಾವ್‌ಲಾಕ್‌ನಿಂದ ಬಂದು ಇಳಿಯುತ್ತಿದ್ದರು. ಅವರಿಗೆ ಕಮಾನು ಮಾತ್ರ ಕಂಡಿರುತ್ತದೆ, ಅದೂ ದೂರದಿಂದ. ಪಾಪ, ಅವರೂ ನಮ್ಮಷ್ಟೇ ದುಡ್ಡು ಕೊಟ್ಟು ಬಂದವರು. ಹೊರಡುವ ಮೊದಲು ನಮಗೂ ಒಬ್ಬ ಏಜೆಂಟ್ ಇಂಥದ್ದೇ ಪ್ಯಾಕೇಜ್ ತೋರಿಸಿದ್ದ. ನೀಲ್‌ಗೆ ಮೂರು ಗಂಟೆ, ಅದರಲ್ಲೇ ಊಟ. ಹೆಸರು ಬೇಡ, ಆದರೆ ನಿಮಗೆ ಯಾರಾದರೂ ಆ ಲೆಕ್ಕ ಹೇಳಿದರೆ ಒಪ್ಪಬೇಡಿ.

ಮಧ್ಯಾಹ್ನ ಭರತ್‌ಪುರ. ಜೆಟ್ಟಿಯ ಪಕ್ಕದಲ್ಲೇ ಇದೆ. ಸ್ಲೇಟು ಹೇಳಿದ ಹಾಗೇ ನೀರು ತುಂಬಿತ್ತು, ತಿಳಿ ಹಸಿರು, ಎದೆಮಟ್ಟಕ್ಕೆ ಇಳಿದರೂ ಕಾಲ ಬೆರಳು ಎಣಿಸಬಹುದು. ನನಗೆ ಈಜು ಬರುತ್ತದೆ, ಕಾಲುವೆಯಲ್ಲಿ ಕಲಿತಿದ್ದು. ಕಾಲುವೆಯಲ್ಲಿ ನೀರು ಎಳೆಯುತ್ತದೆ, ಮೈಯೆಲ್ಲ ಬಿಗಿ ಮಾಡಿಕೊಂಡಿರಬೇಕು. ಇಲ್ಲಿ ಅಂಗಾತ ಮಲಗಿದರೆ ಉಪ್ಪು ನೀರೇ ಎತ್ತಿ ಹಿಡಿಯುತ್ತದೆ. ಕಿವಿ ನೀರೊಳಗೆ, ಕಣ್ಣು ಆಕಾಶಕ್ಕೆ, ಎಷ್ಟು ಹೊತ್ತು ಹಾಗೇ ಇದ್ದೆನೋ ಗೊತ್ತಿಲ್ಲ. ಒಂದೇ ಕಿರಿಕಿರಿ, ಬೋಟು ಮತ್ತು ಜೆಟ್ ಸ್ಕೀಗಳ ಸದ್ದು. ಜೆಟ್ಟಿಯಿಂದ ದೂರದ ತುದಿಗೆ ನಡೆದು ಹೋಗಿ, ಅಲ್ಲಿ ಸದ್ದು ಕಡಿಮೆ.

ಸೈಕಲ್ ಬಾಡಿಗೆ ದಿನಕ್ಕೆ 150 ಕೊಟ್ಟೆವು. ಸ್ಕೂಟರ್ 500 ಹೇಳಿದರು, ಬೇಡ ಅಂದೆವು. ರಸ್ತೆ ಬಹುಪಾಲು ಸಮತಟ್ಟು, ಎರಡೂ ಕಡೆ ಬದನೆ, ಕುಂಬಳ, ಬಾಳೆ, ನಡುವೆ ಗದ್ದೆ. ಅಂಡಮಾನಿನ ಇತರ ಊರುಗಳಿಗೂ ನೀಲ್‌ನಿಂದ ತರಕಾರಿ ಹೋಗುತ್ತದೆ. ಹಾಗಾಗಿ ಸಸ್ಯಾಹಾರಿಗಳಿಗೆ ಇಲ್ಲಿ ಚಿಂತೆ ಇಲ್ಲ. ಮಾಸಿಯ ಊಟ 150 ರೂಪಾಯಿ, ಅನ್ನ, ಬೇಳೆ, ಸೋರೆಕಾಯಿಯ ಪಲ್ಯ, ಒಂದು ದಿನ ಬಾಳೆಹೂವಿನದು, ಸಾಸಿವೆ ಎಣ್ಣೆಯ ಒಗ್ಗರಣೆ. ಆ ಎಣ್ಣೆಯ ವಾಸನೆ ಮೊದಲ ತುತ್ತಿಗೆ ಮೂಗಿಗೆ ಏರಿತು, ಎರಡನೇ ದಿನ ಅದೇ ರುಚಿ ಅನ್ನಿಸಿತು. ಖಾರ ಮಾತ್ರ ನಮಗೆ ಸಾಲದು.

ಅದಕ್ಕೇ ರೊಟ್ಟಿ ಗಂಟು ಬಿಚ್ಚಿದೆವು. ನಮ್ಮೂರಲ್ಲಿ ಖಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟರೆ ತಿಂಗಳು ಇರುತ್ತದೆ, ಮುರಿದರೆ ಹಪ್ಪಳದ ಸದ್ದು. ಇಲ್ಲಿ ಸಮುದ್ರದ ಗಾಳಿಗೆ ನಾಲ್ಕೇ ದಿನದಲ್ಲಿ ಮೆತ್ತಗಾಗಿ ಒದ್ದೆ ಟವೆಲ್ ಹಾಗೆ ಜೋತುಬಿದ್ದಿತ್ತು. ಬೂಸ್ಟು ಬಂದಿಲ್ಲ ಅನ್ನೋದಷ್ಟೇ ಸಮಾಧಾನ. ಮಾಸಿ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಇದು ಯಾವುದರದ್ದು ಅಂತ ಕೇಳಿದರು. ಜೋಳ ಅಂದೆವು. ಒಳಗೆ ಹೋಗಿ ತೆಂಗಿನ ಸಿಪ್ಪೆಯ ಕೆಂಡ ತಂದು, ಅದರ ಮೇಲೆ ಜಾಲರಿ ಇಟ್ಟು, ಒಂದೊಂದೇ ರೊಟ್ಟಿಯನ್ನು ಒತ್ತಿ ಒತ್ತಿ ಕಾಯಿಸಿದರು. ಆರಿದ ಮೇಲೆ ಮತ್ತೆ ಖಡಕ್ ಆಯಿತು. ಹೊಗೆಯ ವಾಸನೆ ಸೇರಿಕೊಂಡು ಮನೆಯ ರೊಟ್ಟಿಗಿಂತ ಚೆನ್ನಾಗಿತ್ತು ಅಂದರೆ ಅಮ್ಮ ಬೇಜಾರು ಮಾಡಿಕೊಳ್ಳುವುದಿಲ್ಲ. ಗುರೆಳ್ಳು ಚಟ್ನಿಯನ್ನು ಮಾಸಿ ಅನ್ನಕ್ಕೆ ಕಲಸಿಕೊಂಡು ತಿಂದರು. ಉಳಿದಿದ್ದನ್ನು ಡಬ್ಬಿ ಸಮೇತ ಅವರಿಗೇ ಬಿಟ್ಟು ಬಂದೆವು.

ರೊಟ್ಟಿ ಕಾಯಿಸುವಾಗ ಬಂದ ಮಾತು ಬರೆಯಲೇಬೇಕು. ನಿಮ್ಮೂರಲ್ಲಿ ಬಂಗಾಳಿಗಳು ಇದ್ದಾರಾ ಅಂತ ಸುಮ್ನೆ ಮಾತಿಗೆ ಕೇಳಿದರು. ಇದ್ದಾರೆ, ನಮ್ಮ ತಾಲ್ಲೂಕಿನಲ್ಲೇ ಅವರ ಕ್ಯಾಂಪುಗಳಿವೆ ಅಂದೆ. ಸಿಂಧನೂರಿನವರಿಗೆ ಆರ್.ಎಚ್. ಕ್ಯಾಂಪ್ ಅಂದರೆ ಹೇಳಬೇಕಾಗಿಲ್ಲ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳನ್ನು ಸರ್ಕಾರ ಅಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿತು. ನನ್ನ ಜೊತೆ ಕಾಲೇಜಿನಲ್ಲಿ ಓದಿದವರಲ್ಲಿ ಆ ಕ್ಯಾಂಪಿನವರೂ ಇದ್ದರು, ನಮ್ಮ ಹಾಗೇ ಕನ್ನಡ ಮಾತಾಡುತ್ತಿದ್ದರು, ಮನೆಗೆ ಫೋನ್ ಮಾಡಿದಾಗ ಬಂಗಾಳಿ. ಮಾಸಿಯ ಕೈ ನಿಂತಿತು. ಅವರ ಮಾವನೂ ಪೂರ್ವ ಬಂಗಾಳದಿಂದ ಬಂದವರಂತೆ. ಹಡಗಿನಲ್ಲಿ ಕರೆತಂದು ಈ ದ್ವೀಪದಲ್ಲಿ ಇಳಿಸಿದಾಗ ಇಲ್ಲಿ ಬರೀ ಕಾಡಿತ್ತಂತೆ, ಕಡಿದು ಗದ್ದೆ ಮಾಡಿದರಂತೆ. ತಮ್ಮವರು ಅಂಡಮಾನಿಗೆ ಬಂದಿದ್ದಾರೆ ಅಂತ ಅವರಿಗೆ ಗೊತ್ತು, ಕರ್ನಾಟಕದ ಒಳಗೆ ಅಷ್ಟು ದೂರ ಹೋಗಿದ್ದಾರೆ ಅಂತ ಗೊತ್ತಿರಲಿಲ್ಲ.

"ಅಲ್ಲಿ ಸಮುದ್ರ ಇದೆಯಾ?" ಅಂತ ಕೇಳಿದರು.

"ಇಲ್ಲ ಮಾಸಿ. ಕಾಲುವೆ ಇದೆ."

"ಭತ್ತ ಬೆಳೆಯುತ್ತಾರಾ?"

"ಬೆಳೆಯುತ್ತಾರೆ, ಎರಡು ಬೆಳೆ, ನೀರು ಬಂದರೆ."

"ಮೀನು?"

"ಕೆರೆ ಮೀನು ಸಿಗುತ್ತದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಪರವಾಗಿಲ್ಲ ಅಂದರು. ಹೋದ ಮೇಲೆ ಆ ಊರಿನ ಫೋಟೋ ಕಳಿಸು ಅಂದರು. ಬಂದ ಮೇಲೆ ಮೊದಲ ಭಾನುವಾರವೇ ಸ್ಕೂಟರ್ ಹಾಕಿಕೊಂಡು ಹೋಗಿ ಗದ್ದೆಯದ್ದು, ಒಂದು ಮನೆಯ ಮುಂದಿನ ತುಳಸಿಕಟ್ಟೆಯದ್ದು, ಮೀನಂಗಡಿಯದ್ದು ಫೋಟೋ ತೆಗೆದು ಕಳಿಸಿದೆ. ನಮ್ಮ ಜಿಲ್ಲೆಯಲ್ಲಿ ನಡುಗಡ್ಡೆ ಅಂದರೆ ನಮಗೆ ನೆನಪಾಗುವುದು ಕೃಷ್ಣಾ ನದಿಗೆ ಪ್ರವಾಹ ಬಂದಾಗ ಲಿಂಗಸುಗೂರು ಕಡೆಯ ಗಡ್ಡಿಗಳ ಜನ ಸಿಕ್ಕಿಹಾಕಿಕೊಂಡ ಸುದ್ದಿ. ದ್ವೀಪ ಅಂದರೆ ಮೋಜಿನ ಜಾಗ ಅಂತ ಹೊರಟಿದ್ದ ನನಗೆ, ಅಲ್ಲಿಯೂ ಮನೆ ಕಟ್ಟಿ, ಗದ್ದೆ ಮಾಡಿ ಬದುಕಿದವರು ಇದ್ದಾರೆ ಅನ್ನೋದು ಆ ಕೆಂಡದ ಮುಂದೆ ಕೂತಾಗಲೇ ಗೊತ್ತಾಗಿದ್ದು.

ಮೂರನೇ ದಿನ ಸೀತಾಪುರ. ಇಲ್ಲಿನ ಊರುಗಳ ಹೆಸರು ಬಹುಪಾಲು ರಾಮಾಯಣದ್ದೇ, ರಾಮನಗರವೂ ಇದೆ. ಸೀತಾಪುರ ದ್ವೀಪದ ಪೂರ್ವದ ತುದಿ, ಸೂರ್ಯೋದಯಕ್ಕೆ ಹೋಗುವ ಜಾಗ, ಜೆಟ್ಟಿಯಿಂದ ಸೈಕಲ್‌ನಲ್ಲಿ ಅರ್ಧ ಗಂಟೆ. ಅಲೆ ಸ್ವಲ್ಪ ಜೋರು, ಈಜಲು ನಾವು ಇಳಿಯಲಿಲ್ಲ. ನಾವು ಹೋದಾಗ ಇಬ್ಬರು ಮೀನುಗಾರರು ಬಿಟ್ಟರೆ ಯಾರೂ ಇರಲಿಲ್ಲ.

ಇನ್ನು ಗುಡಿಸಲಿನ ಕೊರತೆಗಳು. ಇದನ್ನು ಮುಚ್ಚಿಡುವುದಿಲ್ಲ, ಯಾಕೆಂದರೆ ನನ್ನ ಮಾತು ನಂಬಿ ಹೋದವರು ಬೈಯಬಾರದು. ಬಚ್ಚಲು, ಪಾಯಿಖಾನೆ ನಾಲ್ಕು ಗುಡಿಸಲಿಗೂ ಸೇರಿ ಎರಡೇ. ಶುಚಿಯಾಗಿವೆ, ಆದರೆ ರಾತ್ರಿ ಟಾರ್ಚ್ ಹಿಡಿದು ಇಪ್ಪತ್ತು ಹೆಜ್ಜೆ ನಡೆಯಬೇಕು. ಬಾವಿಯ ನೀರು ಸ್ವಲ್ಪ ಸವಳು, ಸೋಪು ನೊರೆ ಬರುವುದಿಲ್ಲ. ನಮ್ಮ ಕಡೆಯ ಬೋರ್‌ವೆಲ್ ನೀರು ಅಭ್ಯಾಸ ಇದ್ದವರಿಗೆ ಏನೂ ಅನ್ನಿಸದು, ಬೆಂಗಳೂರಿನವರಿಗೆ ಕೂದಲು ಅಂಟಂಟು ಅನ್ನಿಸಬಹುದು. ಕರೆಂಟ್ ಎರಡು ರಾತ್ರಿ ಹೋಯಿತು, ಒಂದು ಸಲ ಗಂಟೆಗಟ್ಟಲೆ ಬರಲಿಲ್ಲ. ಬಿದಿರಿನ ಗೋಡೆಯಲ್ಲಿ ಗಾಳಿಯಾಡುವುದರಿಂದ ಸೆಕೆ ತಡೆದುಕೊಳ್ಳಬಹುದು, ಆದರೆ ಪಕ್ಕದ ಗುಡಿಸಲಿನವರು ಕೆಮ್ಮಿದರೂ ಕೇಳಿಸುತ್ತದೆ. ದಿಂಬು ಕಲ್ಲಿನ ಹಾಗೆ ಗಟ್ಟಿ. ನಮ್ಮ ಸೊಳ್ಳೆಪರದೆಗೆ ಎರಡು ತೂತು ಇದ್ದವು, ತಂಗಿಯ ಹೇರ್‌ಪಿನ್ ಹಾಕಿ ಮುಚ್ಚಿದೆವು. ಹೇಳಿದ ಮೇಲೆ ಮಾಸಿ ಸೂಜಿದಾರ ತಂದು ಹೊಲಿದರು ಅನ್ನೋದು ನಿಜ, ಆದರೆ ದುಡ್ಡು ಕೊಟ್ಟು ಬಂದವರು ಕೇಳುವ ಮೊದಲೇ ಅದು ಆಗಿರಬೇಕಿತ್ತು.

ಸೊಳ್ಳೆಗಿಂತ ಜಾಸ್ತಿ ಕಾಡಿದ್ದು ಮರಳಿನ ನೊಣ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಸಂಜೆ ಒದ್ದೆ ಮರಳಿನ ಮೇಲೆ ಕೂತರೆ ಕಾಲೆಲ್ಲ ಕಚ್ಚಿಬಿಡುತ್ತವೆ, ಕೆರೆದರೆ ವಾರಗಟ್ಟಲೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿಕೊಳ್ಳಿ ಅಂತ ಮಾಸಿ ಹೇಳಿದರು, ನಮಗೆ ಉಪಯೋಗವಾಯಿತು. ಇದು ಗುಡಿಸಲಿನ ತಪ್ಪಲ್ಲ, ಆದರೂ ಗೊತ್ತಿರಲಿ.

ಸುರಕ್ಷತೆಯ ಬಗ್ಗೆ ಹೆಣ್ಣುಮಕ್ಕಳು ಕೇಳುತ್ತಾರೆ, ಹೇಳುತ್ತೇನೆ. ಮೂರು ದಿನದಲ್ಲಿ ಒಂದು ಕೆಟ್ಟ ಮಾತು, ಒಂದು ಕೆಟ್ಟ ನೋಟ ನಮಗೆ ಎದುರಾಗಲಿಲ್ಲ. ಕತ್ತಲಾದ ಮೇಲೆ ದಾದಾ ಗೇಟಿಗೆ ಅಡ್ಡಕೋಲು ಹಾಕಿ, ಎಲ್ಲ ಗುಡಿಸಲಿನವರೂ ಬಂದರಾ ಅಂತ ಎಣಿಸುತ್ತಿದ್ದರು. ಒಂದು ಸಂಜೆ ನಾವು ಬಜಾರಿನಲ್ಲಿ ತಡ ಮಾಡಿದಾಗ ಮಗಳು ಸೈಕಲ್ ಹತ್ತಿ ಹುಡುಕಿಕೊಂಡು ಬಂದಿದ್ದಳು. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದ ಮೇಲೆ ಅಮ್ಮ ನಿದ್ದೆ ಮಾಡಿದರು.

ದುಡ್ಡು ನಗದು ಇಟ್ಟುಕೊಳ್ಳಿ. ಫೋನ್‌ಪೇ ನಡೆಯುತ್ತದೆ, ಆದರೆ ನೆಟ್‌ವರ್ಕ್ ಬಂದಾಗ. ಹಿಂದಿನ ದಿನಗಳಿಗಿಂತ ಈಗ ಎಷ್ಟೋ ವಾಸಿ ಅಂತಾರೆ, 2020ರಲ್ಲಿ ಚೆನ್ನೈನಿಂದ ಸಮುದ್ರದ ತಳದಲ್ಲಿ ಕೇಬಲ್ ಎಳೆದ ಮೇಲೆ. ಆದರೂ ತೋಟದ ಒಳಗೆ ಸಿಗ್ನಲ್ ಒಂದೇ ಗೆರೆ.

ಮತ್ತೆ ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಹವಳದ ತುಂಡು, ಚಿಪ್ಪು ಏನನ್ನೂ ಎತ್ತಿಕೊಂಡು ಬರಬೇಡಿ, ಸತ್ತದ್ದಾದರೂ ಸರಿ. ಹವಳ ವನ್ಯಜೀವಿ ಕಾನೂನಿನ ಕೆಳಗೆ ಬರುತ್ತದೆ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಸ್ಕ್ಯಾನ್ ಮಾಡುವಾಗ ಸಿಕ್ಕಿಬೀಳುತ್ತೀರಿ. ಕಾನೂನು ಬಿಡಿ, ನೆರಳು ಬಿದ್ದರೆ ಬಾಯಿ ಮುಚ್ಚಿಕೊಳ್ಳುವ ಆ ಜೀವವನ್ನು ಒಂದು ಸಲ ನೋಡಿದವರಿಗೆ ಅಲ್ಲಿಂದ ಏನನ್ನೂ ಕೀಳಲು ಮನಸ್ಸು ಬರುವುದಿಲ್ಲ ಅಲ್ವಾ. ನೀರು ಇಳಿದಾಗ ನಡೆಯುವುದಾದರೆ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ, ಬರೀ ಮರಳು ಮತ್ತು ಬರೀ ಕಲ್ಲು ನೋಡಿ ಕಾಲಿಡಿ. ಹವಾಯಿ ಚಪ್ಪಲಿ ಜಾರುತ್ತದೆ, ತಂಗಿಯ ಮೊಣಕಾಲು ಅದರಿಂದಲೇ ತರಚಿತು.

ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. ಬಚ್ಚಲು, ದಿಂಬು, ಪರದೆಗೆ ಒಂದು ಕಡಿಮೆ ಮಾಡಿದೆ. ಹ್ಯಾವ್‌ಲಾಕ್‌ನಲ್ಲಿ ಇದರ ಎರಡರಷ್ಟು ಕೊಟ್ಟು ಎಸಿ ರೂಮಿನಲ್ಲಿ ಇದ್ದೆವು. ಆ ರೂಮಿನ ಬಣ್ಣ ಯಾವುದಿತ್ತು ಅಂತ ಈಗ ನೆನಪಿಲ್ಲ. ರಾಧಾನಗರದ ಬೀಚ್ ಮಾತ್ರ ನೆನಪಿದೆ, ಅದಕ್ಕೆ ಬೇರೆಯೇ ಬರೆಯಬೇಕು.

ಹೋಗುವವರು ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಮೂರನೇ ನಾಲ್ಕನೇ ದಿನಕ್ಕೆ ಸರಿಯಾಗಿ ನೀಲ್‌ನಲ್ಲಿ ಇರುವ ಹಾಗೆ ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಿಸಿ. ಬೆಳಗಿನ ಹೊತ್ತು ನೀರು ಇಳಿದಿರುತ್ತದೆ, ಮಧ್ಯಾಹ್ನ ತುಂಬಿರುತ್ತದೆ, ಎರಡೂ ಸಿಗುತ್ತವೆ. ಬಜಾರಿನಲ್ಲಿ ಇಳಿದು ಲಕ್ಷ್ಮಣಪುರದ ದಾರಿಯಲ್ಲಿ ಗೋಡೆಗೆ ಸ್ಲೇಟು ಹಾಕಿದ ಮನೆ ಯಾವುದು ಅಂತ ಕೇಳಿ, ತೋರಿಸುತ್ತಾರೆ. ಬಾವಿಯ ಪಕ್ಕದ ಗುಡಿಸಲು ಸಿಕ್ಕರೆ ತಗೊಳ್ಳಿ. ಬಚ್ಚಲು ಹತ್ತಿರ, ಗಾಳಿ ಜಾಸ್ತಿ, ಅದರ ಪರದೆಗೆ ತೂತೂ ಇಲ್ಲ.